ಕಾಣದ ಕಲ್ಲಿಗೆ ಸಹಿ ಹಾಕಲಿಲ್ಲ

ಭೀಮಾ ನದಿಯ ನೆರೆ ಇಳಿದ ಮೇಲೆ ನನ್ನ ಪಾಲಿಗೆ ಹನ್ನೊಂದು ಕಟ್ಟಡಗಳು ಬಂದವು. ಮೂರು ಶಾಲೆ, ನಾಲ್ಕು ಅಂಗನವಾಡಿ, ಎರಡು ಸಮುದಾಯ ಭವನ, ಒಂದು ದವಾಖಾನೆ, ಒಂದು ಗುಡಿ. ನಾನು ಅಫಜಲಪುರದ ಕಚೇರಿಯೊಂದರಲ್ಲಿ ಕಿರಿಯ ಎಂಜಿನಿಯರ್. ನೀರು ಹೊಕ್ಕ ಪ್ರತಿ ಕಟ್ಟಡವನ್ನೂ ಖುದ್ದಾಗಿ ನೋಡಿ ಒಂದು ಫಾರ್ಮ್ ತುಂಬಬೇಕು. ಫಾರ್ಮಿನ ಕೊನೆಗೆ ಎರಡು ಚೌಕ: ಬಳಕೆಗೆ ಯೋಗ್ಯ, ಬಳಕೆಗೆ ಅಯೋಗ್ಯ. ಒಂದರಲ್ಲಿ ಗುರುತು ಹಾಕಿ ಕೆಳಗೆ ಸಹಿ ಮಾಡಬೇಕು. ಹತ್ತು ಕಟ್ಟಡ ಎಂಟು ದಿನದಲ್ಲಿ ಮುಗಿದವು. ಹನ್ನೊಂದನೆಯದು ಎರಡು ತಿಂಗಳಿಗಿಂತ ಹೆಚ್ಚು ತಿಂದಿತು.

ಊರಿನ ಹೆಸರು ಬೇಡ. ಸೊನ್ನದ ಬ್ಯಾರೇಜಿನ ಕೆಳಗೆ, ಹೊಳೆದಂಡೆಯ ಊರು ಅಂದರೆ ಸಾಕು. ಗುಡಿ ಹನುಮಪ್ಪನದು. ಕರಿಕಲ್ಲಿನ ಸಣ್ಣ ಗುಡಿ. ಮುಂದೆ ಆರು ಕಂಬದ ಮಂಟಪ, ಹಿಂದೆ ಗರ್ಭಗುಡಿ. ಒಳಗೆ ಮೂರು ದಿನ ಸೊಂಟದ ತನಕ ನೀರು ನಿಂತಿತ್ತು. ನಾನು ಬೂಟು ಬಿಚ್ಚಿ, ಟೇಪು, ಟಾರ್ಚು, ಗೋಡೆಯ ನೇರ ನೋಡುವ ಓಳಂಬದ ಗುಂಡು ಹಿಡಿದು ಮೆಟ್ಟಿಲು ಹತ್ತಿದೆ. ಮೊದಲ ಕಂಬದ ಹತ್ತಿರ ನೆಲದ ಮೇಲೆ ಹಳದಿ ಬಣ್ಣದ ಗೆರೆ ಇತ್ತು. ಒಳಗಿನಿಂದ ಪೂಜಾರಿ ಕೈ ಅಡ್ಡ ಮಾಡಿದರು.

“ಅಲ್ಲೇ ನಿಂದರ್ರಿ ಮೇಡಂ. ಹೆಣ್ಮಕ್ಕಳು ಆ ಗೆರಿತನಕ ಅಷ್ಟೇ.”

“ನಾ ಪೂಜಿಗೆ ಬಂದಿಲ್ರಿ. ಬಿರುಕು ನೋಡಾಕ ಬಂದೀನಿ.”

“ಯಾತಕ್ಕ ಬಂದ್ರೂ ಅಷ್ಟೇರಿ. ಬ್ರಹ್ಮಚಾರಿ ದೇವರು. ಹಿಂದಿಂದ ನಡಕೊಂತ ಬಂದದ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂದರೆ ನೆಲ ತೊಯ್ಯುತ್ತದೆ ಅನ್ನುವ ಹಾಗೆ ಹೇಳಿದರು. ಅಷ್ಟರಲ್ಲಿ ಗುಡಿ ಕಮಿಟಿಯ ಅಧ್ಯಕ್ಷರು ಬಂದರು. ಬಿಳಿ ಟೊಪ್ಪಿಗೆ, ಅರವತ್ತು ದಾಟಿದ ರೈತ, ಊರಲ್ಲಿ ಮಾತು ನಡೆಯುವ ಮನುಷ್ಯ. ಅವರೇ ಒಂದು ದಾರಿ ಹೇಳಿದರು. ಶಾಲೆಯ ಗೋಡೆ ರಿಪೇರಿಗೆ ನಾನೇ ಹಚ್ಚಿದ್ದ ಅದೇ ಊರಿನ ಗೌಂಡಿ ಒಳಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆಯಲಿ, ಮೇಡಂ ಅದನ್ನು ನೋಡಿ ಬರೆದುಕೊಳ್ಳಲಿ.

ನಾನು ಒಪ್ಪಿದೆ. ಇವತ್ತಿಗೂ ಆ ಒಪ್ಪಿಗೆ ನನ್ನನ್ನು ಚುಚ್ಚುತ್ತದೆ. ಆದರೆ ಆ ಹೊತ್ತಿಗೆ ಇನ್ನೂ ಆರು ಕಟ್ಟಡ ಬಾಕಿ ಇದ್ದವು, ಮತ್ತು ಜಗಳ ಮಾಡದೆ ಕೆಲಸ ತೆಗೆಯುವುದೇ ಜಾಣತನ ಅಂತ ಹತ್ತು ವರ್ಷದ ನೌಕರಿ ನನಗೆ ಕಲಿಸಿತ್ತು.

ಫೋಟೋಗಳಲ್ಲಿ ಏನೂ ತಿಳಿಯಲಿಲ್ಲ. ಗರ್ಭಗುಡಿಯ ಬಾಗಿಲ ಮೇಲಿನ ತೊಲೆಗಲ್ಲಿಗೆ ತಲೆತಲಾಂತರದ ಎಣ್ಣೆ, ಸಿಂಧೂರ ಮೆತ್ತಿಕೊಂಡಿತ್ತು. ಫ್ಲಾಶ್ ಬಿದ್ದಲ್ಲಿ ಬರೀ ಹೊಳಪು. ಅದರ ನಡುವೆ ಒಂದು ಕರಿ ಗೆರೆ ಇದ್ದದ್ದಂತೂ ನಿಜ. ಅದು ಮೇಲಿನ ಮೆತ್ತಿನದೋ, ಕಲ್ಲಿನದೋ? ಕಲ್ಲಿನದಾದರೆ ಎಷ್ಟು ಆಳ? ಗೌಂಡಿ, “ಕೂದಲೆಳಿ ಅಷ್ಟೇ ಅದ್ರಿ, ಏನ್ ಆಗಂಗಿಲ್ಲ” ಅಂದ. ನಾನು ಅವನ ಕೈಗೆ ಮೂರು ಗಾಜಿನ ಪಟ್ಟಿ ಕೊಟ್ಟೆ. ಬಿರುಕಿನ ಮೇಲೆ ಅಡ್ಡಲಾಗಿ ಗಾಜನ್ನು ಇಟ್ಟು ಎರಡೂ ತುದಿಗೆ ಸಿಮೆಂಟು ಹಾಕಿ ಕೂಡಿಸಬೇಕು. ಕಲ್ಲು ಒಂದಿಷ್ಟು ಸರಿದರೂ ಗಾಜು ಒಡೆಯುತ್ತದೆ. ಗಾಜಿಗೆ ಸುಳ್ಳು ಹೇಳಲು ಬರುವುದಿಲ್ಲ. ಮನುಷ್ಯರಿಗೆ ಬರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎರಡು ವಾರ ಬಿಟ್ಟು ಫೋನು ಮಾಡಿದಾಗ ಗೌಂಡಿ, “ಗಾಜು ಹಾಂಗೇ ಅದಾವ್ರಿ” ಅಂದ. ಆದರೂ ನಾನು ಹೋದೆ. ಅದಕ್ಕೆ ಕಾರಣ ಮಣ್ಣು. ಹೊಳೆದಂಡೆಯ ಕರಿ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಾಯಿ ಬಿಡುತ್ತದೆ. ಎರೆ ನೆಲದ ಕಟ್ಟಡಕ್ಕೆ ನೆರೆಗಿಂತ ನೆರೆಯ ನಂತರದ ಬಿಸಿಲು ದೊಡ್ಡ ವೈರಿ.

ಹಳದಿ ಗೆರೆಯ ಈಚೆ ನಿಂತು ಟಾರ್ಚು ಬಿಟ್ಟೆ. ತೊಲೆಗಲ್ಲು ಅಲ್ಲಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಕಂಡದ್ದು ಗರ್ಭಗುಡಿಯ ಕಟ್ಟಿಗೆ ಬಾಗಿಲು. ಅದರ ಕೆಳಗೆ ಹೊಸದಾಗಿ ಕೆತ್ತಿದ ಬಿಳಿ ಅಂಚು, ನೆಲದ ಮೇಲೆ ಅದು ಉಜ್ಜಿದ ಕಮಾನಿನಂಥ ಗೀರು.

“ಬಾಗಿಲ ಹಿಡಿಯಾಕತ್ತಿತ್ರಿ,” ಅಂದರು ಪೂಜಾರಿ. “ನೀರು ಕುಡದು ಉಬ್ಯಾದ. ಅದಕ್ಕ ಬಡಿಗ್ಯಾನ ಕರಸಿ ಕೆತ್ತಿಸೀವಿ. ಎರಡು ಸಲ ಆತು.”

ನೆರೆ ಇಳಿದು ತಿಂಗಳ ಮೇಲಾಗಿತ್ತು. ಒಣಗುತ್ತಿರುವ ಕಟ್ಟಿಗೆ ಕುಗ್ಗಬೇಕೇ ಹೊರತು ಉಬ್ಬಬಾರದು. ಉಬ್ಬಿದ್ದು ಬಾಗಿಲಲ್ಲ. ಮೇಲಿನ ಕಲ್ಲು ಇಳಿದು ಚೌಕಟ್ಟನ್ನು ಒತ್ತುತ್ತಿತ್ತು.

ಗೌಂಡಿಯನ್ನು ಚಹಾದ ಹೋಟೆಲಿಗೆ ಕರೆದೊಯ್ದು ಎದುರಿಗೆ ಕೂಡಿಸಿದೆ. “ಗಾಜು ಹಾಂಗೇ ಅದಾವೇನು? ನನ್ನ ಮಾರಿ ನೋಡಿ ಹೇಳು.”

ಅವನು ಬಸಿಯಲ್ಲಿನ ಚಹಾ ನೋಡುತ್ತ ಹೇಳಿದ. “ಮೂರನೇ ದಿನಕ್ಕೇ ಒಡದಾವ್ರಿ ಮೇಡಂ. ಮೂರೂ. ಅಧ್ಯಕ್ಷರು ತಗಸಿ ಒಗಸ್ಯಾರ. ಕಾರ್ತಿಕ ಬಂತು, ಒಡದಾವ ಅಂತ ಹೇಳಿದ್ರ ಗುಡಿ ಮುಚ್ಚಸ್ತಾಳ ಆಕಿ, ಬಾಯಿ ಮುಚ್ಕೊಂಡಿರು ಅಂದ್ರು. ನಾ ಇದೇ ಊರಾಗ ಇರಾಂವ ಅಲ್ರಿ?”

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನನ್ನ ಮೇಲೆ. ಶನಿವಾರ ಶನಿವಾರ ಆ ಮಂಟಪದಲ್ಲಿ ನಲವತ್ತು ಗಂಡಸರು ಭಜನೆಗೆ ಕೂಡುತ್ತಾರೆ. ಪೂಜಾರಿ ದಿನಕ್ಕೆ ಎರಡು ಹೊತ್ತು ಆ ತೊಲೆಗಲ್ಲಿನ ಕೆಳಗೆ ತಲೆ ಬಾಗಿಸಿ ಹೋಗಿ ಬರುತ್ತಾರೆ. ನಾನು ಒಳಗೆ ಹೋಗಿ ಒಮ್ಮೆ ಕೈಯಿಂದ ಮುಟ್ಟಿ ನೋಡಿದ್ದರೆ ಮೊದಲ ದಿನವೇ ಇದು ಗೊತ್ತಾಗುತ್ತಿತ್ತು.

ಮೇಲಧಿಕಾರಿಗೆ ಫೋನು ಮಾಡಿದೆ. ಅವರು, “ಫೋಟೋದ ಮೇಲೆ ಯೋಗ್ಯ ಅಂತ ಬರೆದು ಕಳಿಸಿ. ದೇವರ ವಿಷಯಕ್ಕೆ ಕೈ ಹಾಕಬೇಡಿ” ಅಂದರು. ಗಾಜು ಒಡೆದದ್ದನ್ನು ಹೇಳಿದೆ. ಅದಕ್ಕವರು, “ಹಾಗಾದರೆ ಜೇವರ್ಗಿಯಿಂದ ಒಬ್ಬ ಗಂಡು ಎಂಜಿನಿಯರನ್ನು ಕಳಿಸುತ್ತೇನೆ. ಮುಂದಿನ ವಾರ ಬಂದು ನೋಡಲಿ. ನೀವು ಬಿಟ್ಟುಬಿಡಿ” ಅಂದರು.

ಅವತ್ತು ಗುರುವಾರ. ಶನಿವಾರಕ್ಕೆ ಒಂದೇ ದಿನ ನಡುವೆ.

ಮನೆಗೆ ಹೋಗುವ ಬಸ್ಸಿನಲ್ಲಿ ಅವ್ವನಿಗೆ ಫೋನು ಹಚ್ಚಿದೆ. ನಾವು ಆಳಂದದ ಬೌದ್ಧ ಮನೆತನದವರು. ನಮ್ಮ ಅಜ್ಜನನ್ನು ಗುಡಿಯವರು ಒಳಗೆ ಬಿಡಲಿಲ್ಲ. ನಮ್ಮ ಅಪ್ಪ ಗುಡಿಯನ್ನೇ ಬಿಟ್ಟ. ಅವ್ವ ಎಲ್ಲ ಕೇಳಿ ಅಂದಳು, “ಅಲ್ಲ ಬೇ, ನಾವು ಬಿಟ್ಟು ಬಂದ ಬಾಗಿಲಿಗೆ ನೀ ಯಾಕ ಹೋಗಿ ಬಡೀತಿ?”

“ದೇವರನ್ನ ಕೇಳಾಕ ಬಡ್ಯಾಕತ್ತಿಲ್ಲವ್ವ. ನನ್ನ ಸಹಿ ಕೇಳ್ಯಾರ ಅದರ ಮ್ಯಾಲೆ.”

“ಗಂಡಸ ಬಂದು ಸಹಿ ಹಾಕ್ತಾನಂದ್ರ ಹಾಕ್ಲಿ ಬಿಡು.”

“ಹಾಂಗ ಬಿಟ್ರ ನಾಳೆ ಗಂಡಸರ ದವಾಖಾನಿ ವಾರ್ಡು ಅಂತಾರ, ನಾಡದು ಮಸೀದಿ, ಮಠ ಅಂತಾರ. ಅರ್ಧ ಎಂಜಿನಿಯರ್ ಆಗಿ ಇರಬೇಕೇನು ನಾ?”

ಅವ್ವ, “ಊಟ ಮಾಡಿ ಹೋಗು ನಾಳೆ. ಹೊಟ್ಟಿ ತುಂಬಿದ್ರ ದನಿ ನಡಗಂಗಿಲ್ಲ” ಅಂದಳು.

ಶುಕ್ರವಾರ ಮುಂಜಾನೆ ಫಾರ್ಮನ್ನು ಮುಂದಿಟ್ಟುಕೊಂಡೆ. ಅದರಲ್ಲಿ ‘ನೋಡಲು ಬಿಡಲಿಲ್ಲ’ ಎಂಬ ಮೂರನೆಯ ಚೌಕ ಇರಲಿಲ್ಲ. ಇದ್ದದ್ದು ಎರಡೇ. ನೋಡದ ಕಟ್ಟಡವನ್ನು ಯೋಗ್ಯ ಅನ್ನಲಾರೆ. ಹಾಗಾದರೆ ಉಳಿದದ್ದು ಒಂದು. ‘ಬಳಕೆಗೆ ಅಯೋಗ್ಯ’ದಲ್ಲಿ ಗುರುತು ಹಾಕಿದೆ. ಕಾರಣದ ಸಾಲಿನಲ್ಲಿ ಬರೆದೆ: “ತೊಲೆಗಲ್ಲು ಸರಿಯುತ್ತಿರುವ ಲಕ್ಷಣಗಳಿವೆ. ಇದರ ಹೊಣೆ ಹೊತ್ತ ಎಂಜಿನಿಯರಿಗೆ ಒಳಗೆ ಪ್ರವೇಶ ಕೊಟ್ಟಿಲ್ಲ. ಪರಿಶೀಲನೆ ಆಗುವವರೆಗೆ ಹೆಣ್ಣು, ಗಂಡು, ಪೂಜಾರಿ ಸಹಿತ ಯಾರೂ ಒಳಗೆ ಹೋಗಬಾರದು.” ಪಂಚಾಯಿತಿಯ ಅಧಿಕಾರಿ ಅದನ್ನು ಮೂರು ಸಲ ಓದಿದರು. ಅಯೋಗ್ಯ ಅಂತ ಬಂದ ಕಟ್ಟಡಕ್ಕೆ ಕೀಲಿ ಹಾಕುವುದು ಅವರ ಕೆಲಸ. ಅದೇ ಊರಿನ ಅಂಗನವಾಡಿಗೆ ಆಗಲೇ ಹಾಕಿದ್ದರು, ಇದಕ್ಕೂ ಹಾಕಬೇಕಾಯಿತು. ಮಧ್ಯಾಹ್ನ ಗುಡಿಯ ಮೆಟ್ಟಿಲಿಗೆ ಕೆಂಪು ಪಟ್ಟಿ ಕಟ್ಟಿ, ಕಬ್ಬಿಣದ ಗೇಟಿಗೆ ಕೀಲಿ ಬಿತ್ತು.

ಅಧ್ಯಕ್ಷರು ಪಂಚಾಯಿತಿ ಕಟ್ಟೆಗೆ ಬಂದಾಗ ಅವರ ಟೊಪ್ಪಿಗೆ ಕೈಯಲ್ಲಿತ್ತು.

“ಒಬ್ಬ ಹೆಣ್ಮಗಳ ಜಿದ್ದಿಗೆ ದೇವರಿಗೆ ಕೀಲಿ ಹಾಕ್ತೀರೇನ್ರಿ? ನಿಮ್ಮ ಮಂದಿ ದೇವರನ್ನ ಒಪ್ಪಂಗಿಲ್ಲ, ಗೊತ್ತದ ನಮಗ. ಅಂತ ನಮ್ಮ ದೇವರನ್ನ ಕಟ್ಟಿ ಹಾಕೋದೇನು?”

ಕಟ್ಟೆಯ ಮೇಲಿದ್ದವರು ನನ್ನ ಕಡೆ ತಿರುಗಿದರು. ‘ನಿಮ್ಮ ಮಂದಿ’ ಅನ್ನುವ ಮಾತು ಯಾವಾಗ ಬರುತ್ತದೆ ಎಂದು ಮೊದಲ ದಿನದಿಂದ ಕಾಯುತ್ತಿದ್ದೆ. ಬಂದಾಗ ಭಾರ ಇಳಿದ ಹಾಗಾಯಿತು.

“ನಾ ದೇವರ ಮ್ಯಾಲೆ ಬರದಿಲ್ರಿ, ಕಲ್ಲಿನ ಮ್ಯಾಲೆ ಬರದೀನಿ. ಗಾಜು ಒಡದದ್ದು ನಿಮಗ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ಮಂದೀನ ಅದರ ಕೆಳಗ ಕೂಡಿಸೀರಿ. ಅದನ್ನ ಬರೀಲೇನು?”

ಅವರು ಟೊಪ್ಪಿಗೆ ತಲೆಗೆ ಹಾಕಿಕೊಂಡು ಹೊರಟುಹೋದರು.

ಶನಿವಾರ ನಾನು ಬೇಕೆಂದೇ ಹೋದೆ. ಹೋಗದಿದ್ದರೆ ಹೆದರಿದಳು ಅನ್ನುತ್ತಿದ್ದರು. ಕೆಂಪು ಪಟ್ಟಿಯ ಹೊರಗೆ, ಬೇವಿನ ಗಿಡದ ಕೆಳಗೆ ಊರ ಗಂಡಸರೆಲ್ಲ ತಾಳ ಹಿಡಿದು ನಿಂತಿದ್ದರು. ಹೆಂಗಸರು ದಿನಾ ನಿಲ್ಲುವ ಜಾಗ ಅದು. ಜಾಗ ಸಾಲದೆ ಎರಡೂ ಗುಂಪು ಒಂದರೊಳಗೊಂದು ಬೆರೆತಿದ್ದವು. ಒಬ್ಬ ಮುದುಕಿ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ನನ್ನ ಹತ್ತಿರ ಬಂದಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಹನುಮಪ್ಪನ ಅಭಿಷೇಕಕ್ಕೆ ಹೊಳೆಯ ನೀರು ತರುವವಳು ಅವಳೇ. ಹಳದಿ ಗೆರೆಯ ತನಕ ತಂದು ಪೂಜಾರಿಯ ಕೈಗೆ ಕೊಟ್ಟು ತಿರುಗಿ ಹೋಗುತ್ತಿದ್ದಳು.

“ಯವ್ವಾ, ನೋಡು,” ಅಂದಳು, ನಗು ತಡೆಯಲಾರದೆ. “ಇಷ್ಟು ವರ್ಷದಾಗ ಮೊದಲನೇ ಸಲ ನನ ಗಂಡ ನನ ಬಾಜೂಕ ನಿಂತು ಕೈ ಮುಗದಾನ. ಬಿಸಲಾಗ ಕಾಲು ಸುಡ್ತಾವಂತ ಆಗಿಂದ ಕುಣ್ಯಾಕತ್ತಾನ.”

ನಾನೂ ನಕ್ಕೆ. ಆಮೇಲೆ ಅವಳು ದನಿ ಇಳಿಸಿ ಕೇಳಿದಳು. “ಕಾಯ್ದೆದಾಗ ನಾವು ಒಳಗ ಹೋಗಬೌದೇನು?”

“ಸಂವಿಧಾನ ಹೆಣ್ಣು ಗಂಡು ಭೇದ ಮಾಡಂಗಿಲ್ಲ ಆಯಿ. ಆದ್ರ ಅದು ಬಂದು ನಿಮ್ಮ ಕೈ ಹಿಡಿದು ಕರಕೊಂಡು ಹೋಗಂಗಿಲ್ಲ. ಕಾಲು ನಿಮ್ಮವೇ ಬೇಕು.”

ಅವಳು ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

ಮುಂದಿನ ವಾರ ಕಚೇರಿಯಿಂದ ನನಗೆ ನೋಟಿಸು ಬಂತು. ಗ್ರಾಮದ ಶಾಂತಿ ಕದಡುವ ಹಾಗೆ ನಡೆದುಕೊಂಡದ್ದೇಕೆ, ಕಮಿಟಿಯ ಭಾವನೆಗೆ ಬೆಲೆ ಕೊಡದಿದ್ದುದೇಕೆ, ಮೂರು ದಿನದಲ್ಲಿ ಉತ್ತರ ಕೊಡಿ. ನಾನು ಮೂರು ಸಾಲು ಬರೆದೆ. “ಕಟ್ಟಡ ಸುರಕ್ಷಿತ ಎಂದು ಸಹಿ ಹಾಕುವವರು ಆ ಕಟ್ಟಡದೊಳಗೆ ಹೋಗಿರಬೇಕು. ನನಗೆ ಹೋಗಲು ಬಿಟ್ಟಿಲ್ಲ. ಬಿಡುವವರೆಗೆ ನನ್ನ ವರದಿ ಬದಲಾಗುವುದಿಲ್ಲ.” ಜೇವರ್ಗಿಯ ಎಂಜಿನಿಯರ್ ಬರಲಿಲ್ಲ. ಬರುವ ಮುಂಚೆ ನನಗೆ ಫೋನು ಮಾಡಿ ಕಾಗದಪತ್ರ ಕೇಳಿದ್ದರು. ನನ್ನ ಟಿಪ್ಪಣಿ ಓದಿ, “ಒಡೆದ ಗಾಜಿನ ಮೇಲೆ ನಾನು ಯೋಗ್ಯ ಅಂತ ಬರೆಯಲಾರೆ ಅಕ್ಕಾ. ಇದು ನಿಮ್ಮ ಕಟ್ಟಡ, ನೀವೇ ನೋಡಿ” ಅಂದರು.

ಕೀಲಿ ಬಿದ್ದ ಹತ್ತನೆಯ ದಿನ ಪೂಜಾರಿ ಅಫಜಲಪುರಕ್ಕೆ ಬಂದರು. ಕಚೇರಿಯ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. ಒಳಗೆ ಕರೆದು ಕುರ್ಚಿ ಹಾಕಿಸಿದೆ.

“ಕೀಲಿ ಬೀಳೂಕಿಂತ ಮೊದಲೇ ನನಗ ಗೊತ್ತಿತ್ರಿ,” ಅಂದರು. “ಪೂಜಿ ಮಾಡುವಾಗ ತೆಲಿ ಮ್ಯಾಲೆ ಕಲ್ಲಿನ ಪುಡಿ ಬೀಳಾಕತ್ತಿತ್ತು. ದೇವರ ಮ್ಯಾಲಿನ ಅಕ್ಷತಿ ಅಂತ ತಿಳಕೊಂಡೆ. ತಿಳಕೊಂಡೆ ಏನ್ರಿ, ಹಾಂಗ ಅಂತ ನನಗ ನಾನೇ ಹೇಳಿಕೊಂಡೆ.” ಆಮೇಲೆ ಬಂದ ಕೆಲಸ ಹೇಳಿದರು, “ದೇವರು ದೀಪ ಇಲ್ದ ಕತ್ತಲದಾಗ ಕುಂತಾನ್ರಿ. ಬರ್ರಿ ನೀವು. ನಾ ಬಾಗಿಲ ತೆಗೀತೇನಿ.”

“ಕಮಿಟಿ?”

“ಕಮಿಟಿಯವರ ತೆಲಿ ಮ್ಯಾಲೆ ಕಲ್ಲು ಬೀಳಂಗಿಲ್ರಿ. ನನ್ನ ತೆಲಿ ಮ್ಯಾಲೆ ಬೀಳತದ.”

ಮರುದಿನ ಮುಂಜಾನೆ ಹತ್ತಕ್ಕೆ ಹೋದೆ. ಗೌಂಡಿ ಎರಡು ಕಬ್ಬಿಣದ ಜಾಕ್, ಒಂದು ದಪ್ಪ ಸಾಗವಾನಿ ತೊಲೆ ತಂದಿದ್ದ. ಅರ್ಧ ಊರು ಸೇರಿತ್ತು. ಪಂಚಾಯಿತಿಯಿಂದ ನಾನು ತಂದ ಕೀಲಿಕೈಯಿಂದ ಪೂಜಾರಿ ಗೇಟು ತೆರೆದರು. ನಾನು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ ಅಧ್ಯಕ್ಷರು ಹತ್ತಿರ ಬಂದು, ಗೋಡೆ ನೋಡುತ್ತ, ಹಲ್ಲಿನ ನಡುವೆ ಕೇಳಿದರು. “ನೋಡ್ರಿ ಮೇಡಂ, ಕೇಳಬಾರದು... ಈ ಹೊತ್ತು ನೀವು ಹೊರಗಾಗಿಲ್ಲಲ್ರಿ?”

“ಆ ಪ್ರಶ್ನೆ ನನ್ನ ಫಾರ್ಮಿನಾಗ ಇಲ್ರಿ” ಅಂದು ಹಳದಿ ಗೆರೆ ದಾಟಿದೆ.

ಅವತ್ತು ನನಗೆ ಮುಟ್ಟಿನ ಎರಡನೆಯ ದಿನ. ಅಲ್ಲಿ ಹೇಳಲಿಲ್ಲ. ಹೆದರಿಕೆಯಿಂದಲ್ಲ, ಅದು ಅವರಿಗೆ ಸಂಬಂಧಪಟ್ಟದ್ದಲ್ಲವಾದ್ದರಿಂದ. ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಅದರಿಂದ ಆ ಕಲ್ಲು ಒಂದು ಎಳೆಯಷ್ಟೂ ಅಲುಗಲಿಲ್ಲ. ಅಲುಗಿಸಿದ್ದು ಎರೆ ಮಣ್ಣು.

ಮೊದಲು ಮೂರ್ತಿಗೆ ಕಂಬಳಿ, ಅದರ ಮೇಲೆ ಲಾರಿಗೆ ಹೊದಿಸುವ ತಾಡಪತ್ರಿ ಸುತ್ತಿಸಿದೆ. ತೊಲೆಗಲ್ಲಿನ ಮೆತ್ತನ್ನು ನಾನು ಕೆರೆಯಲಿಲ್ಲ. ಪೂಜಾರಿಯೇ ತಾಮ್ರದ ಸವಟಿನ ತುದಿಯಿಂದ ಕೆರೆದರು. ಬೆರಳು ದಪ್ಪದ ಸಿಂಧೂರ ಹಾಳೆಯಂತೆ ಕಳಚಿ ಬಿತ್ತು. ಕೆಳಗೆ ಬಿರುಕು. ಗೌಂಡಿ ಹೇಳಿದ ಕೂದಲೆಳೆಯ ಜಾಗದಲ್ಲಿ ನನ್ನ ಕಿರುಬೆರಳಿನ ಉಗುರು ಪೂರಾ ಹೋಯಿತು. ಗರ್ಭಗುಡಿಯ ಒಳಗೆ ಹೋಗಿ ಹಿಂಬದಿಯಿಂದ ಟಾರ್ಚು ಬಿಟ್ಟೆ, ಮುಂಬದಿ ನಿಂತ ಗೌಂಡಿ, “ಬೆಳಕು ಕಾಣಾಕತ್ತದ್ರಿ!” ಎಂದು ಕೂಗಿದ. ಕಲ್ಲು ಆರಪಾರ ಒಡೆದು ಎರಡು ತುಂಡಾಗಿತ್ತು. ಎಡಗಡೆಯ ಗೋಡೆ ಇಳಿದು, ಆ ತುಂಡು ಗೋಡೆಯ ಮೇಲೆ ಎರಡು ಬೆರಳಿನಷ್ಟು ಮಾತ್ರ ಕೂತಿತ್ತು. ಉಳಿದ ಭಾರವನ್ನೆಲ್ಲ ಹೊತ್ತಿದ್ದು ಕಟ್ಟಿಗೆಯ ಚೌಕಟ್ಟು, ಅಂದರೆ ಬಾಗಿಲು ಮುಚ್ಚಲೆಂದು ಎರಡು ಸಲ ಕೆತ್ತಿಸಿದ್ದರಲ್ಲ, ಆ ಬಾಗಿಲಿನ ಚೌಕಟ್ಟು.

“ಎಲ್ಲಾರೂ ಹಿಂದ ಸರೀರಿ” ಅಂದೆ. ಎಲ್ಲರೂ ಮೆಟ್ಟಿಲಿನ ತನಕ ಸರಿದರು. ಸಾಗವಾನಿ ತೊಲೆಯನ್ನು ಕಲ್ಲಿನ ಕೆಳಗೆ ಅಡ್ಡ ಹಿಡಿದು, ಅದರ ಎರಡೂ ತುದಿಗೆ ಜಾಕ್ ನಿಲ್ಲಿಸಿದೆವು. ಒಂದನ್ನು ಗೌಂಡಿ, ಒಂದನ್ನು ನಾನು, ಕಾಲು ಸುತ್ತು, ನಿಲ್ಲು, ಮತ್ತೆ ಕಾಲು ಸುತ್ತು. ಅವಸರ ಮಾಡಿದರೆ ಒಂದು ತುಂಡು ಮೇಲೆದ್ದು ಇನ್ನೊಂದು ಜಾರುತ್ತದೆ. ಏಳನೆಯ ಸಲಕ್ಕೆ ಚೌಕಟ್ಟು ಬಡಿಗೆ ಮುರಿದ ಹಾಗೆ ಸಪ್ಪಳ ಮಾಡಿ ಸೀಳಿತು. ಪೂರಾ ಕೆಳಗೆ ಬೀಳಬೇಕಾದ ಕಲ್ಲು ಅರ್ಧ ಬೆರಳು ಇಳಿದು ತೊಲೆಯ ಮೇಲೆ ಕೂತಿತು. ನನ್ನ ಜಾಕ್ ಗುಂಯ್ ಅಂದಿತು. ಕೈ ಬಿಡಲಿಲ್ಲ. ಹೊರಗೆ ಯಾರೋ ಹೆಂಗಸು “ಯಪ್ಪಾ ಹನುಮಪ್ಪ!” ಅಂದದ್ದು ಕೇಳಿಸಿತು.

ಹೊರಗೆ ಬಂದಾಗ ಅಧ್ಯಕ್ಷರು ಬೇವಿನ ಬುಡದಲ್ಲಿ ಕೂತಿದ್ದರು. ಅವರ ಮಗ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವವನು. ಕೂಡುತ್ತಿದ್ದದ್ದು ಆ ಬಾಗಿಲಿಗೆ ಬೆನ್ನು ಹಚ್ಚಿ.

ಕೆಲಸ ಮೂರು ವಾರ ನಡೆಯಿತು. ಒಡೆದ ಕಲ್ಲಿನ ಜಾಗಕ್ಕೆ ಹೊಸ ಕಲ್ಲು, ಅದರ ಹಿಂದೆ ಕಬ್ಬಿಣದ ತೊಲೆ. ಅದಕ್ಕಿಂತ ದೊಡ್ಡದು ನೆಲದ ಕೆಲಸ. ಮಂಟಪದ ಮತ್ತು ಗರ್ಭಗುಡಿಯ ನೆಲದ ಫರಸಿಕಲ್ಲು ಎಬ್ಬಿಸಿ, ಕೆಳಗಿನ ಎರೆ ತೆಗೆದು, ಮುರುಂ ಎಂಬ ಗರಸುಮಣ್ಣು ತುಂಬಿ ಕುಟ್ಟಬೇಕು. ಊರಿನ ಗಂಡಾಳುಗಳು ಕಬ್ಬು ಕಡಿಯುವ ಟೋಳಿಯ ಜೊತೆ ಹೋಗಿದ್ದರು. ಅಧ್ಯಕ್ಷರು ಎರಡು ದಿನ ಹುಡುಕಿದರು, ನಾಲ್ಕು ಮಂದಿ ಸಿಗಲಿಲ್ಲ. ಮೂರನೆಯ ದಿನ ಗೌಂಡಿ ಹೆಣ್ಣಾಳುಗಳನ್ನು ಕರೆತಂದ. ಅಧ್ಯಕ್ಷರು ಅತ್ತ ಮಾರಿ ತಿರುಗಿಸಿದರು. ಹನ್ನೆರಡು ಹೆಂಗಸರು ಬುಟ್ಟಿ ಹೊತ್ತು ಗರ್ಭಗುಡಿಯಿಂದ ಮಣ್ಣು ಹೊರಗೆ ಹಾಕಿದರು, ಮುರುಂ ಒಳಗೆ ತಂದರು. ಗಾರೆಗೆ ನೀರು ಹಾಕಲು ಕೊಡ ಹೊರುವ ಆ ಮುದುಕಿಯೂ ಬಂದಳು. ಮೊದಲ ದಿನ ಗೆರೆ ಇದ್ದ ಕಡೆ ಅವರ ಕಾಲು ತಡವರಿಸಿದವು. ನಾಲ್ಕನೆಯ ದಿನಕ್ಕೆ ಮಂಟಪದಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿಂದರು.

ಮುಗಿದ ಮೇಲೆ ಹೊಸ ಗಾಜು ಕೂಡಿಸಿ ಎರಡು ವಾರ ಬಿಟ್ಟು ನಾನೇ ಹೋಗಿ ನೋಡಿದೆ. ಮೂರೂ ಇಡಿಯಾಗಿದ್ದವು. ‘ಬಳಕೆಗೆ ಯೋಗ್ಯ’ದಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಕಮಿಟಿಯವರು ಶುದ್ಧಿ ಮಾಡಿಸಿದರು. ಹೊಸ ಫರಸಿಯ ಮೇಲೆ, ಮೊದಲಿದ್ದ ಜಾಗದಲ್ಲೇ, ಹೊಸ ಹಳದಿ ಗೆರೆ ಎಳೆಸಿದರು.

ಶನಿವಾರ ಮುಂಜಾನೆ ಕೀಲಿಕೈ ಒಪ್ಪಿಸಿದ್ದಕ್ಕೆ ಸಹಿ ತೆಗೆದುಕೊಳ್ಳಲು ಹೋಗಿದ್ದೆ. ಗಂಡಸರು ಒಳಗೆ ಕೂತಿದ್ದರು. ಹೆಂಗಸರು ಬೇವಿನ ಕೆಳಗೆ. ಮುದುಕಿ ಕೊಡ ತಂದಳು. ಪೂಜಾರಿ ರೂಢಿಯಂತೆ ಗೆರೆಯ ಹತ್ತಿರ ಬಂದು ಎರಡೂ ಕೈ ಚಾಚಿದರು. ಅವಳು ಕೊಡ ಕೊಡಲಿಲ್ಲ. ಅವರ ಮೋರೆಯನ್ನೇ ನೋಡುತ್ತ ನಿಂತಳು. ಪೂಜಾರಿ ಕೈ ಕೆಳಗಿಳಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಮುದುಕಿ ಒಳಗೆ ನಡೆದಳು. ಅವಳ ಹಿಂದೆ, ಮಣ್ಣಿನ ಬುಟ್ಟಿ ಹೊತ್ತಿದ್ದ ಹನ್ನೆರಡು ಹೆಂಗಸರಲ್ಲಿ ಆರು ಮಂದಿ. ಉಳಿದ ಆರು ಮಂದಿ ಬರಲಿಲ್ಲ. ಒಬ್ಬಳ ಅತ್ತೆ ಅವಳ ಸೆರಗು ಹಿಡಿದುಕೊಂಡಿದ್ದು ಕಂಡೆ.

ಅಧ್ಯಕ್ಷರು ಎದ್ದು ನಿಂತರು. “ಏ, ಎಲ್ಲಿ ಹೊಂಟಿ? ಕೆಲಸ ಮುಗೀತಲ್ಲ, ಹೊರಗ ನಡಿ.”

“ಮಣ್ಣು ಹೊತ್ತಾಗ ಆಗದ ಮೈಲಿಗಿ ನೀರು ಹೊತ್ರ ಆಗ್ತದೇನು?” ಅಂದಳು. ನಿಲ್ಲಲಿಲ್ಲ.

ಗರ್ಭಗುಡಿಯ ಬಾಗಿಲಲ್ಲಿ ಕೊಡ ಇಳಿಸಿದಳು. ಕೆಲಸದ ದಿನಗಳಲ್ಲೆಲ್ಲ ಮೂರ್ತಿ ತಾಡಪತ್ರಿಯ ಒಳಗಿತ್ತು. ಅದಕ್ಕೂ ಮೊದಲು ಗೆರೆಯ ಹೊರಗಿನಿಂದ ನೋಡಿದರೆ ಎತ್ತರದ ಹೊಸ್ತಿಲು ಅಡ್ಡ ಬಂದು ಎದೆಯಿಂದ ಮೇಲೆ ಮಾತ್ರ ಕಾಣುತ್ತಿತ್ತು. ಪೂಜಾರಿ ದೀಪವನ್ನು ಕೆಳಗೆ ಹಿಡಿದರು. ಮುದುಕಿ ಹೊಸ್ತಿಲಿಗೆ ಕೈ ಊರಿ ಬಗ್ಗಿದಳು.

“ಅಯ್ಯ, ಪಾದ ಎಷ್ಟು ಸಣ್ಣವ ಅದಾವ ಬೇ!” ಅಂದಳು, ಹಿಂದಿನವರಿಗೆ. “ಒಂದು ಮುಂದ, ಒಂದು ಹಿಂದ. ಓಡಾಕ ನಿಂತಂಗ ನಿಂತಾನ ನೋಡ್ರೇ.” ಆರು ತಲೆಗಳು ಒಂದರ ಮೇಲೊಂದು ಬಗ್ಗಿದವು.

ಅಧ್ಯಕ್ಷರ ದನಿ ಈ ಸಲ ಅಷ್ಟು ಜೋರಿರಲಿಲ್ಲ. “ನೋಡಿದ್ರಲ್ಲ? ಸಾಕು, ಬರ್ರಿ ಹೊರಗ.”

ಮುದುಕಿ ತಿರುಗಿ ಸಹ ನೋಡಲಿಲ್ಲ.

“ತಡಿಯೋ,” ಅಂದಳು. “ಇನ್ನಾ ನೋಡಾಕತ್ತೀನಿ.”